ಕೀಲಿಕೈ ಬೇಡ, ಶೈಲಾ

ಶೈಲಾ,

ಬನಶಂಕರಿಗೆ ಹೊರಟಿದ್ದೇನೆ, ಸಂಜೆಗೆ ಬರುತ್ತೇನೆ. ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಹಾಲು ಕಾಯಿಸು.

ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆದೆ. ಮೊನ್ನೆ ಮಗ್ಗದ ಹತ್ತಿರ ನನಗೆ ಮೂರ್ಛೆ ಬಂದಾಗ ನೀನು ಕೂಗಿ ಓಣಿಯನ್ನೇ ಕರೆದೆ. “ಕಬ್ಬಿಣ ಕೊಡ್ರಿ, ಕಬ್ಬಿಣ!” ಎಂದು ಬಂದವರು ನನ್ನ ಮುಷ್ಟಿಗೆ ಕೀಲಿಕೈ ತುರುಕಿದರಂತೆ, ಬಾಯಿಗೆ ನೀರೂ ಸುರಿದರಂತೆ. ನಿನ್ನ ತಪ್ಪಲ್ಲ. ಮದುವೆಗೆ ಮೊದಲೇ ನನ್ನ ತಮ್ಮ ನಿನಗೆ ಹೇಳಬೇಕಿತ್ತು.

ಮತ್ತೆ ಬಂದರೆ ಕೈಕಾಲು ಅದುಮಿ ಹಿಡಿಯಬೇಡ. ಮಗ್ಗದ ಗುಂಡಿಗೆ ಬೀಳದಂತೆ ನೋಡು, ತಲೆಯಡಿಗೆ ಸೀರೆ ಮಡಚಿಡು. ಬಾಯಿಗೆ ಚಮಚ, ನೀರು, ಏನೂ ಹಾಕಬೇಡ. ಕೊರಳಿನ ಶಿವದಾರ ಸಡಿಲಿಸು. ಲಿಂಗ ಮುಟ್ಟಲು ಅಂಜಬೇಡವ್ವ, ಅವನು ಸಿಟ್ಟಾಗುವವನಲ್ಲ. ನಡುಕ ನಿಂತ ಕೂಡಲೇ ಮಗ್ಗುಲಿಗೆ ಹೊರಳಿಸು, ಜೊಲ್ಲು ಹೊರಗೆ ಹರಿಯಲಿ. ಐದು ನಿಮಿಷವಾದರೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡು.

ಇನ್ನೊಂದು ಮಾತು. “ಮೂರ್ಛಿ ಬಂದಾಕಿ ಜೀವ ಹೊಳಿಗೆ ಹೋಗಿರತೈತಿ, ತಿರುಗಿ ಬಂದಾಗ ಮನ್ಯಾಗ ಯಾರರ ಕುಂತಿರಬೇಕು” ಎನ್ನುತ್ತಿದ್ದಳು ನಮ್ಮ ಅಜ್ಜಿ. ಅವಳು ಲಿಂಗೈಕ್ಯಳಾದ ಮೇಲೆ ಯಾರೂ ಕೂತಿಲ್ಲ. ಮೊನ್ನೆ ನಾನು ಕಣ್ಣು ತೆರೆಯುವಷ್ಟರಲ್ಲಿ ಬಂದವರೆಲ್ಲ ಹೊಸ್ತಿಲಾಚೆ ಸರಿದು ನಿಂತಿದ್ದರು. ನೀನೂ.

ಕೈ ಹಿಡಿಯಲು ಹೆದರಿಕೆಯಾದರೆ ಬೇಡ. ಒಳಗೆ ಬಂದು ಕೂಡು. “ಅಕ್ಕಾ, ಇಲ್ಲೇ ಅದೇನಿ” ಅನ್ನು, ಸಾಕು.