ಅದೇ ದಿನ ವಾಪಸಾಗೋಕೊಂದು ಕಾರು

ಮನೆಯಿಂದ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಸೊಸೆ ಅಂತ ಬರೆಯೋಣ ಅಂದ್ರೆ ಕೋರ್ಟಿನವರು ಆ ಪದ ಕಿತ್ಕೊಂಡ್ರು. ಹೆಸರು ಹಿಡಿದು ಕರೆದು ನನಗೆ ಅಭ್ಯಾಸ ಇಲ್ಲ. ಅದಕ್ಕೇ ಮಗಳೇ ಅಂತಲೇ ಇಟ್ಟುಕೊಂಡಿದ್ದೀನಿ, ನೀನೇನೂ ಬೇಜಾರು ಮಾಡ್ಕೋಬೇಡ. ಹೇಗಿದ್ದೀಯ? ಆ ಬಲಗಡೆ ಭುಜದ ನೋವು ಕಮ್ಮಿ ಆಯ್ತಾ? ಇಡೀ ದಿನ ಈಜುಕೊಳದ ನೀರಲ್ಲಿ ನಿಂತು ಊರ ಮಕ್ಕಳಿಗೆಲ್ಲ ಕೈಕಾಲು ಬಡಿಯೋದು ಕಲಿಸ್ತೀಯ, ಮನೆಗೆ ಬಂದ ಮೇಲಾದ್ರೂ ಒಂದಿಷ್ಟು ಬಿಸಿನೀರಿನ ಶಾಖ ಕೊಟ್ಕೋ. ಕಿವಿಯಲ್ಲಿ ನೀರು ನಿಂತ್ರೆ ಹತ್ತಿ ಕಡ್ಡಿ ಹಾಕಬೇಡ, ಡಾಕ್ಟರ ಹತ್ರ ಹೋಗು. ನನ್ನ ಮೊಮ್ಮಗಳು ಪಟಾಕಿ ಹೇಗಿದ್ದಾಳೆ? ಹೋದ ತಿಂಗಳು ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಮೇಲಿನ ಮುಂದಿನ ಹಲ್ಲು ಎರಡೂ ಬಿದ್ದುಹೋಗಿವೆ! ಅಷ್ಟು ಅಗಲ ನಗ್ತಾಳೆ, ನಾಚಿಕೆಯೇ ಇಲ್ಲ, ನನಗೆ ಬಲು ಖುಷಿಯಾಯ್ತು. ಜನ್ಮವೆಲ್ಲ ಬೇರೆಯವರಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟವಳು ನಾನು, ಬಾಯಿ ಮುಚ್ಚಿಕೊಂಡು ನಗೋರನ್ನೇ ಜಾಸ್ತಿ ನೋಡಿರೋದು.

ನಾನು ಚೆನ್ನಾಗಿದ್ದೀನಿ. ವಾರಕ್ಕೆ ಮೂರು ದಿನ ಈಗಲೂ ಲ್ಯಾಬಿಗೆ ಹೋಗ್ತೀನಿ, ಅಚ್ಚು ಹುಯ್ಯೋದು, ಮೇಣದಲ್ಲಿ ಹಲ್ಲು ಕೂರಿಸೋದು, ಉಜ್ಜಿ ಹೊಳಪು ತರೋದು, ಎಲ್ಲ ಮೊದಲಿನ ಹಾಗೇ. ಉಳಿದ ದಿನ ಮನೆ. ಮನೆ ಅಂದ್ರೆ ನಿನಗೆ ಗೊತ್ತಲ್ಲ, ಎರಡು ರೂಮು, ಒಂದು ಬಾಲ್ಕನಿ, ಫ್ರಿಜ್ಜಿನ ಗುಂಯ್ ಸದ್ದು. ಮಾತಾಡಿಸೋಕೆ ಯಾರೂ ಇಲ್ಲದೆ ರೇಡಿಯೋದವನಿಗೇ ಉತ್ತರ ಕೊಡೋಕೆ ಶುರು ಮಾಡಿದ್ದೆ. ನನ್ನ ಮಗರಾಯ ಅಪರೂಪಕ್ಕೊಮ್ಮೆ ಫೋನು ಮಾಡ್ತಾನೆ, ಹವಾ ಹೇಗಿದೆ ಅಂತ ಕೇಳಿ ಇಡ್ತಾನೆ. ಅವನ ವಿಷಯ ಇಲ್ಲಿಗೇ ಸಾಕು. ಈ ಪತ್ರ ಬರೀತಿರೋದೂ ಅವನಿಗೆ ಗೊತ್ತಿಲ್ಲ.

ಸುದ್ದಿ ಏನಪ್ಪಾ ಅಂದ್ರೆ, ನಾನು ಕಾರು ತಗೊಂಡೆ. ನಗಬೇಡ. ಲ್ಯಾಬಿನ ವ್ಯಾನು ತುಂಬ ವರ್ಷ ನಾನೇ ಓಡಿಸಿದ್ದು ನಿನಗೆ ಗೊತ್ತೇ ಇದೆ, ಹಲ್ಲಿನ ಡಬ್ಬಿಗಳನ್ನ ಮೊಟ್ಟೆ ಥರ ಜೋಪಾನ ಮಾಡ್ಕೊಂಡು ಕ್ಲಿನಿಕ್ಕಿಂದ ಕ್ಲಿನಿಕ್ಕಿಗೆ ತಿರುಗ್ತಿದ್ದೆ. ಲೈಸೆನ್ಸು ಇನ್ನೂ ಜೀವಂತ ಇದೆ. ಆದ್ರೆ ಸ್ವಂತಕ್ಕೆ ಕಾರು ಕೊಳ್ಳೋದು ಅಂದ್ರೆ ಯಾರನ್ನ ಕೇಳೋದು? ಲ್ಯಾಬಲ್ಲಿ ಕೇಳಿದ್ರೆ ಈ ವಯಸ್ಸಲ್ಲಿ ಯಾಕೆ ಅಂತ ಮುಖ ನೋಡ್ತಾರೆ. ಅದಕ್ಕೆ ಫೋನಲ್ಲಿ ಹುಡುಕಿ ಒಂದು ಗುಂಪು ಸೇರಿಕೊಂಡೆ, ಪೂರ್ತಿ ಕಾರು ಹುಚ್ಚರದ್ದೇ ಗುಂಪು. ಹೆಸರು ಕೊಡಿ ಅಂದ್ರು, ತೋಚದೆ ಹಲ್ಲುಸೆಟ್ಟು ಅಂತ ಕೊಟ್ಟೆ. ಎಲ್ಲರೂ ನನ್ನನ್ನ ಗಂಡಸು ಅಂದುಕೊಂಡ್ರು. 'ಹಲ್ಲುಸೆಟ್ಟು ಗುರುವೇ, ಬಜೆಟ್ ಎಷ್ಟು, ವರ್ಷಕ್ಕೆ ಎಷ್ಟು ಓಡಿಸ್ತೀರಾ' ಅಂತ ಒಬ್ಬ, 'ಬ್ರೋ, ಡೀಸೆಲ್ ಸಹವಾಸ ಬೇಡ' ಅಂತ ಇನ್ನೊಬ್ಬ. ಒಂದು ಪ್ರಶ್ನೆ ಹಾಕಿದ್ರೆ ಸಾಕು, ಟೀ ಆರೋದರೊಳಗೆ ಏಳೆಂಟು ಜನ ಬಂದು ಕೂತಿರ್ತಿದ್ರು. ಗೇರಿನ ಮೇಲೆ ಜಗಳ, ಟೈರಿನ ಮೇಲೆ ಜಗಳ, ಬಣ್ಣದ ಮೇಲೂ ಜಗಳ. ನಿಜ ಹೇಳ್ತೀನಿ, ಉತ್ತರ ಗೊತ್ತಿದ್ರೂ ಕೆಲವು ಸಲ ಸುಮ್ಮಸುಮ್ಮನೆ ಕೇಳ್ತಿದ್ದೆ.

ಎಲ್ಲರೂ ಹೇಳಿದ್ದು ಮಾತ್ರ ಒಂದೇ: ಈಗ ಕೊಳ್ಳಬೇಡಿ. ಹೊಸ ಕಾರಿಗೆ ತಿಂಗಳುಗಟ್ಟಲೆ ಕಾಯಬೇಕಂತೆ, ಕಾಯೋಕಾಗದವರೆಲ್ಲ ಹಳೇ ಕಾರಿಗೆ ಮುಗಿಬಿದ್ದು ಅದರ ಬೆಲೆಯೂ ಆಕಾಶಕ್ಕೇರಿ ಕೂತಿದೆಯಂತೆ. ಒಂದು ವರ್ಷ ತಡೀರಿ, ಇಳಿಯುತ್ತೆ ಅಂದ್ರು. ಅವರಲ್ಲಿ ಹಳೇ ಡೀಸೆಲ್ ಅಂತ ಹೆಸರಿಟ್ಕೊಂಡವರೊಬ್ಬರು ಇದ್ರು, ಲೆಕ್ಕದಲ್ಲಿ ಘಟಾನುಘಟಿ. 'ವರ್ಷಕ್ಕೆ ನಾಲ್ಕು ಸಲ ದೂರದೂರಿಗೆ ಹೋಗೋಕೆ ಕಾರು ಯಾಕೆ ಸ್ವಾಮಿ? ಟ್ಯಾಕ್ಸಿ ಮಾಡ್ಕೊಳ್ಳಿ, ಇಲ್ಲ ಬಸ್ಸಿಗೆ ಹೋಗಿ' ಅಂತ ಬರೆದ್ರು. ಅವರು ಹೇಳಿದ್ದು ಸರಿಯೇ. ಆದ್ರೂ ಯಾಕೋ ನನಗೆ ಅಳು ಬಂತು. ಆವಾಗ ಇದ್ದದ್ದು ಇದ್ದ ಹಾಗೆ ಬರೆದುಬಿಟ್ಟೆ.

ಏನು ಬರೆದೆ ಅಂತ ನಿನಗೂ ಹೇಳಬೇಕು, ಅದರಲ್ಲಿ ಅವಳು ಅಂದಿರೋದು ನಿನ್ನನ್ನೇ. ನಾನು ಗಂಡಸಲ್ಲ, ಮೊಮ್ಮಗಳನ್ನ ನೋಡೋಕೆ ಹೊರಟಿರೋ ಅಜ್ಜಿ. ಬಸ್ಸಿಗೆ ಹೋದ್ರೆ ಎರಡು ಕಡೆ ಇಳಿದು ಹತ್ತಿ, ಮುಟ್ಟೋ ಹೊತ್ತಿಗೆ ಕತ್ತಲಾಗುತ್ತೆ. ವಾಪಸು ಬಸ್ಸು ಬೆಳಗ್ಗೆಯೇ. ಅಂದ್ರೆ ಆ ಮನೆಯಲ್ಲಿ ರಾತ್ರಿ ಉಳೀಲೇಬೇಕು. ಅವಳು ಈಗ ನನ್ನ ಸೊಸೆ ಅಲ್ಲ. ಬಾಗಿಲಿಗೆ ಬಂದವಳನ್ನ ಉಳ್ಕೊಳ್ಳಿ ಅನ್ನದೆ ಇರೋಕೆ ಅವಳಿಗೆ ಬರಲ್ಲ, ಒಳ್ಳೆ ಹುಡುಗಿ. ಆದ್ರೆ ಅನ್ನಬೇಕಾಗುತ್ತಲ್ಲ ಅನ್ನೋ ಸಂಕಟಕ್ಕೆ ಅವಳನ್ನ ನಾನು ಯಾಕೆ ಸಿಗಿಸಲಿ? ಟ್ಯಾಕ್ಸಿ ಅಂದ್ರೆ ಡ್ರೈವರು ಹೊರಗೆ ಗಡಿಯಾರ ನೋಡ್ತಾ ನಿಂತಿರ್ತಾನೆ, ಮಗು ಮಡಿಲಲ್ಲಿ ಕೂತ ಹೊತ್ತಿಗೇ ಹಾರ್ನ್ ಹೊಡೀತಾನೆ. ಸ್ವಂತ ಗಾಡಿ ಇದ್ರೆ ನಸುಕಲ್ಲಿ ಹೊರಟು ಮಧ್ಯಾಹ್ನ ಮುಟ್ಟಿ, ಎರಡು ಗಳಿಗೆ ಕೂತು, ಅದೇ ದಿನ ವಾಪಸು ಬರಬಹುದು. ಯಾರಿಗೂ ಭಾರ ಇಲ್ಲ. ಮಗುವಿನ ಹೊಸ ಹಲ್ಲು ಬರೋದರೊಳಗೆ ಒಂದು ಸಲ ನೋಡಬೇಕು, ಒಂದು ವರ್ಷ ತಡೆಯೋಕಾಗಲ್ಲ.

ಬರೆದು ಕಳಿಸಿಯೂ ಬಿಟ್ಟೆ. ಮರ್ಯಾದೆ ಹೋಯ್ತು ಅಂದುಕೊಂಡು ಫೋನು ಮಗುಚಿಟ್ಟು ಪಾತ್ರೆ ತೊಳೆಯೋಕೆ ಹೋದೆ. ಬಂದು ನೋಡಿದ್ರೆ ಹಳೇ ಡೀಸೆಲ್ ಬರೆದಿದ್ರು: 'ಅಮ್ಮಾ, ತಪ್ಪಾಯ್ತು. ಕಾರು ನೋಡೋಕೆ ಒಬ್ಬರೇ ಹೋಗಬೇಡಿ. ನಾನೂ ಇದೇ ಊರಲ್ಲೇ ಇದ್ದೀನಿ, ಬರ್ತೀನಿ.' ಗುರು ಹೋಗಿ ಅಮ್ಮ ಆದೆ ನೋಡು.

ಅವರು ಆಂಬುಲೆನ್ಸ್ ಓಡಿಸಿ ರಿಟೈರ್ ಆದವರು. ಕುಳ್ಳಗೆ, ಕೈಯಲ್ಲೊಂದು ಟಾರ್ಚು, ಮಾತು ಕಮ್ಮಿ. ಮೊದಲು ನೋಡಿದ ಕಾರು ಮದುವೆ ಗಂಡಿನ ಥರ ಮಿರಮಿರ ಮಿಂಚ್ತಿತ್ತು, ಒಳಗೆಲ್ಲ ಘಮಘಮ. ನಾನಂತೂ ಮರುಳಾಗಿಬಿಟ್ಟೆ. ಇವರು ಸೀಟ್ ಬೆಲ್ಟನ್ನ ಕೊನೇವರೆಗೂ ಎಳೆದು ಟಾರ್ಚು ಬಿಟ್ರು. ಬೆಲ್ಟಿನ ಬುಡದಲ್ಲಿ ಒಣಗಿದ ಕೆಸರಿನ ಗೆರೆ! 'ಇದು ಪ್ರವಾಹದಲ್ಲಿ ಈಜಿ ಬಂದಿರೋ ಗಾಡಿ, ನಡೀರಿ' ಅಂದ್ರು. ನನಗೆ ನಿನ್ನ ನೆನಪಾಗಿ ನಗು ತಡೆಯೋಕಾಗಲಿಲ್ಲ. ಮಾರೋನು ಮುಖ ಗಂಟು ಹಾಕ್ಕೊಂಡ. ಎರಡನೇದು ಒಬ್ಬ ಟೈಲರದ್ದು. ಅವರಿಗೆ ಅವಳಿಜವಳಿ ಹುಟ್ಟಿ, ಚಿಕ್ಕ ಕಾರು ಸಾಲದೆ ಮಾರ್ತಿದ್ರು. ಬಣ್ಣ ನಮ್ಮ ಲ್ಯಾಬಿನ ಪ್ಲಾಸ್ಟರ್ ಅಚ್ಚಿನ ಥರ ಪೇಲವ, ಬಾಗಿಲಿಗೆ ಒಂದು ಗೀರು, ಉಳಿದಂತೆ ಗಟ್ಟಿಮುಟ್ಟು. ಹಳೇ ಡೀಸೆಲ್ ಅಡಿಯೆಲ್ಲ ಮಲಗಿ ನೋಡಿ, ಇಂಜಿನ್ನಿಗೆ ಕಿವಿಯಿಟ್ಟು, 'ಬೆಲೆ ಜಾಸ್ತಿಯೇ ಅಮ್ಮಾ, ಆದ್ರೆ ಈ ಕಾಲಕ್ಕೆ ಇದು ಮೋಸ ಅಲ್ಲ' ಅಂದ್ರು. ಚೌಕಾಸಿ ಮಾಡೋಕೆ ನಾನೇ ನಿಂತೆ. ಟೈಲರ ಹೆಂಡತಿ ಎರಡು ಕಂಕುಳಲ್ಲೂ ಒಂದೊಂದು ಕೂಸು ಇಟ್ಕೊಂಡು ಬಂದು ನಿಂತಾಗ ಅವರು ಕೇಳಿದ್ದಕ್ಕೇ ಒಪ್ಪಿಬಿಟ್ಟೆ. ಯಾರ ಹತ್ರಾನೂ ಕೈ ಚಾಚಲಿಲ್ಲ, ಆ ಚಿಂತೆ ನಿನಗೆ ಬೇಡ.

ಮನೆಗೆ ತಂದು ಕೆಳಗೆ ನಿಲ್ಲಿಸಿ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಶುಭವಾಗಲಿ ಅಮ್ಮಾ, ಒಳ್ಳೆ ಗಾಡಿ ಅಮ್ಮಾ, ಅಂತ ಅವತ್ತೆಲ್ಲ ಜಾತ್ರೆ. ಮಾರನೇ ದಿನ ಎದ್ದು ನೋಡ್ತೀನಿ, ಯಾರೂ ಇಲ್ಲ. ಯಾರೋ ಹೊಸಬ ಬಂದು ಏಳು ಜನ ಕೂರೋ ಗಾಡಿ ಬೇಕು ಅಂತ ಕೇಳಿದ್ದ, ಎಲ್ಲರೂ ಅವನ ಸುತ್ತ ಸೇರಿದ್ರು. ಅವರ ತಪ್ಪೇನಿಲ್ಲ, ನನಗೆ ಕಾರು ಸಿಕ್ಕಿತಲ್ಲ, ನನ್ನ ಹತ್ರ ಅವರಿಗೇನು ಕೆಲಸ? ಆದ್ರೂ ಟೀ ಲೋಟ ಹಿಡ್ಕೊಂಡು ಸ್ವಲ್ಪ ಹೊತ್ತು ಕಾದೆ. ವೈಪರ್ ಬಗ್ಗೆ ಏನಾದ್ರೂ ಕೇಳಲಾ ಅಂತಾನೂ ಯೋಚಿಸಿದೆ, ವೈಪರ್ ಸರಿಯಾಗೇ ಇತ್ತು. ಆಮೇಲೆ ಕೆಳಗಿಳಿದು ಹೋಗಿ ಕಾರಲ್ಲಿ ಕೂತೆ. ಎಲ್ಲಿಗೆ ಹೋಗೋದು? ಲ್ಯಾಬಿಗೆ ರಜೆ. ಅಂಗಡಿ ಎದುರುಗಡೆಯೇ ಇದೆ. ಕನ್ನಡಿ ಸರಿಮಾಡಿದೆ, ಸೀಟು ಮುಂದಕ್ಕೆ ಎಳ್ಕೊಂಡೆ, ಹಿಂದಿನ ಸೀಟಿನ ಚೂರುಪಾರು ದಾರ ಎಲ್ಲ ಆರಿಸಿದೆ. ಟೈಲರ ಕಾರು ಅಲ್ವಾ, ಬಣ್ಣಬಣ್ಣದ ದಾರ. ಇಂಜಿನ್ ಶುರು ಮಾಡಲೇ ಇಲ್ಲ. ಮೇಲಿನ ಮನೆಯವರು ಬಂದು ಕೀಲಿ ಒಳಗೆ ಸಿಕ್ಕಿಹಾಕ್ಕೊಂಡಿದೆಯಾ ಅಂತ ಕಿಟಕಿ ತಟ್ಟಿದ್ರು.

ಅದಕ್ಕೇ ಮಗಳೇ, ಮುಂದಿನ ತಿಂಗಳಲ್ಲಿ ನಿನಗೆ ರಜೆ ಇರೋ ಒಂದು ದಿನ ಬರಲಾ? ಮಧ್ಯಾಹ್ನ ಬಂದು ಸಂಜೆ ಹೊರಟುಬಿಡ್ತೀನಿ. ಅಡುಗೆ ಗಿಡುಗೆ ಅಂತ ಏನೂ ಹಚ್ಕೋಬೇಡ, ಬುತ್ತಿ ನಾನೇ ತರ್ತೀನಿ. ಪಟಾಕಿಯನ್ನ ಹಿಂದೆ ಕೂರಿಸ್ಕೊಂಡು ನಿಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿಸ್ತೀನಿ, ಬೆಲ್ಟು ಕಟ್ಟಿಯೇ.

ನಿನ್ನ ತೋಳಿಗೆ ಬಲ ಬರಲಿ, ಮನೆ ತಣ್ಣಗಿರಲಿ. ಪಟಾಕಿಯ ಎರಡೂ ಕೆನ್ನೆಗೆ ನನ್ನ ಮುತ್ತು, ಹಲ್ಲಿಲ್ಲದ ಜಾಗಕ್ಕೆ ಇನ್ನೊಂದು.

ಯಾವ ಕೋರ್ಟು ಏನಂದ್ರೂ,
ನಿನ್ನ ಅತ್ತೆ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿ ಬರೀತಿದ್ದೀನಿ. ಮೇಲೆ ಸಂಜೆ ಹೊರಟುಬಿಡ್ತೀನಿ ಅಂದದ್ದು ಆಗದ ಮಾತು, ಗೊತ್ತಿದ್ದೂ ಹೇಳೋಕೆ ಧೈರ್ಯ ಸಾಲದೆ ಹಾಗೆ ಬರೆದೆ. ಮೊನ್ನೆ ದೂರ ಓಡಿಸಿ ಅಭ್ಯಾಸ ಆಗಲಿ ಅಂತ ಹಳೇ ಡೀಸೆಲ್ ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೈವೇಗೆ ಹೋಗಿದ್ದೆ. ಹೊತ್ತು ಮುಳುಗಿದ ಮೇಲೆ ಎದುರಿನ ಲೈಟೆಲ್ಲ ಅಗಲಕ್ಕೆ ಹರಡಿ ರಸ್ತೆಯೇ ಕಾಣಲಿಲ್ಲ. ಅವರು ಮೆಲ್ಲಗೆ, 'ಅಮ್ಮಾ, ಪಕ್ಕಕ್ಕೆ ನಿಲ್ಲಿಸಿ, ಇನ್ನು ನಾನು ಓಡಿಸ್ತೀನಿ' ಅಂದ್ರು. ಕಣ್ಣಿನ ಡಾಕ್ಟರು ಪೊರೆ ಬರ್ತಿದೆ, ಆಪರೇಷನ್ ಆಗೋವರೆಗೂ ಕತ್ತಲಲ್ಲಿ ಸ್ಟೀರಿಂಗ್ ಮುಟ್ಟಬೇಡಿ, ಹಗಲು ಪರವಾಗಿಲ್ಲ ಅಂದಿದ್ದಾರೆ. ಅಂದ್ರೆ ನಾನು ಬಂದ್ರೆ ಒಂದು ರಾತ್ರಿ ನಿನ್ನ ಮನೆಯಲ್ಲಿ ಉಳೀಬೇಕಾಗುತ್ತೆ. ಹಾಲ್‌ನಲ್ಲಿ ಒಂದು ಚಾಪೆ ಸಾಕು, ಬೆಳಕು ಹರಿಯೋಕೆ ಮುಂಚೆಯೇ ಎದ್ದು ಕೂತಿರ್ತೀನಿ. ಆಗಲ್ಲ ಅಂದ್ರೆ ಆಗಲ್ಲ ಅಂತಾನೇ ಬರಿ, ಕೋಪ ಮಾಡ್ಕೊಳ್ಳಲ್ಲ. ಆದ್ರೆ ಏನಾದ್ರೂ ಬರಿ.