ಹಳದಿ ಪರದೆಯ ಹಿಂದಿನ ತೊಟ್ಟಿಲುಗಳು

ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲರೇ,

ನಿಮ್ಮ ಹೆರಿಗೆ ವಾರ್ಡಿನ ಹಳದಿ ಪರದೆಗಳನ್ನು ಇವತ್ತೇ ಕಿತ್ತುಹಾಕಿಸಿ. ಕ್ಷೇಮ ಸಮಾಚಾರ ವಿಚಾರಿಸುವ ವ್ಯವಧಾನ ನನಗಿಲ್ಲ. ಆ ಪರದೆಗಳ ಮರೆಯಲ್ಲಿ ನಿಮ್ಮ ವಿದ್ಯಾರ್ಥಿನಿಯರು ಆಗತಾನೆ ಹುಟ್ಟಿದ ಕೂಸುಗಳ ಕಾಮಾಲೆಯನ್ನು ಗುರುತಿಸಲಾರದೆ ಹೋಗುತ್ತಿದ್ದಾರೆ. ಅದಕ್ಕೆ ನನ್ನ ಮೊಮ್ಮಗಳೇ ಸಾಕ್ಷಿ. ಆದರೆ ಅವಳನ್ನು ಕರೆಯುವಂತಿಲ್ಲ, ಅವಳಿಗೆ ಕಿವಿ ಕೇಳುವುದಿಲ್ಲ.

ತಪಾಸಣೆಗೆ ಬರುವವರ ಕಣ್ಣಿಗೆ ಚೆಂದ ಕಾಣಲೆಂದು ನೀವು ಆ ಪರದೆ ಹಾಕಿಸಿದಿರಂತೆ. ಎಂಥ ರಸಿಕತೆ! ನೆರಿಗೆ ಕೆಡುತ್ತದೆ, ಯಾರೂ ಸರಿಸಕೂಡದು ಎಂಬ ಅಪ್ಪಣೆ ಬೇರೆ. ಮಗಳ ಹಾಸಿಗೆಯ ಪಕ್ಕ ಕೂತಿದ್ದ ನಾನು, "ಏನಮ್ಮಾ, ಕೂಸು ಯಾಕೋ ಹಳದಿಯಾಗಿ ಕಾಣ್ತಿದೆಯಲ್ಲ?" ಅಂದೆ. ಪಾಳಿಯಲ್ಲಿದ್ದ ವಿದ್ಯಾರ್ಥಿನಿ ನಕ್ಕಳು. "ಅಜ್ಜಿ, ಈ ವಾರ್ಡಲ್ಲಿ ನೀವೂ ಹಳದಿ, ನಾನೂ ಹಳದಿ. ಪರದೆ ಬಣ್ಣ ಅದು, ಸುಮ್ನೆ ತಲೆ ಕೆಡಿಸ್ಕೋಬೇಡಿ." ನಾನೂ ನಕ್ಕೆ. ಹಾಲು ಕುಡಿಯುತ್ತಿಲ್ಲ, ಬರೀ ನಿದ್ದೆ ಅಂದರೆ, "ಪುಣ್ಯ ಮಾಡಿದ್ರಿ, ಸಾಧು ಮಗು" ಅಂದಳು.

ಒಂದು ಗಜ ಬಟ್ಟೆ ಕೊಳ್ಳುವವರೂ ಬಣ್ಣ ನೋಡಲು ಅದನ್ನು ಅಂಗಡಿಯ ಬಾಗಿಲಿಗೆ, ಬೆಳಕಿಗೆ ತರುತ್ತಾರೆ. ಕೂಸಿಗೆ ಅಷ್ಟೂ ಮರ್ಯಾದೆ ಬೇಡವೇ ಸ್ವಾಮಿ? ಮನೆಗೆ ಬಂದು ಕಿಟಕಿಯ ಬಿಸಿಲಲ್ಲಿ ಹೊದಿಕೆ ಬಿಚ್ಚಿದರೆ ಅಂಗಾಲಿನವರೆಗೂ ಹಳದಿ. "ಅಮ್ಮಾ, ಇಲ್ಲಿ ಪರದೆ ಇಲ್ಲವಲ್ಲ" ಅಂದಳು ಮಗಳು. ಬಿದ್ದೆವೋ ಎದ್ದೆವೋ ಎಂದು ದೊಡ್ಡಾಸ್ಪತ್ರೆಗೆ ಓಡಿದೆವು. ಮೈಯ ರಕ್ತವನ್ನೇ ಬದಲಿಸಿ ಜೀವ ಉಳಿಸಿದರು. ಅಷ್ಟರಲ್ಲಿ ಆ ಹಳದಿ ಮಿದುಳಿಗೆ ಏರಿ, ಕಿವಿಯನ್ನು ಕಸಿದುಬಿಟ್ಟಿತ್ತು.

ಆ ಹುಡುಗಿಯನ್ನು ನಾನು ಬೈಯುತ್ತಿಲ್ಲ. ವಿಷಯ ತಿಳಿದು ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು. "ಅಜ್ಜಿ, ಇದೇ ಪ್ರಶ್ನೆ ಪರೀಕ್ಷೇಲಿ ಬಂದಿತ್ತು. ಹಗಲು ಬೆಳಕಲ್ಲಿ ಹಣೆ, ಎದೆ ಒತ್ತಿ, ಬೆರಳು ತೆಗೆದು ಬಣ್ಣ ನೋಡಬೇಕು ಅಂತ ಬರೆದಿದ್ದೆ. ಪೂರ್ತಿ ಅಂಕ ಬಂತು. ಆದ್ರೆ ನಾವು ಒತ್ತಿದ್ದು ಬರೀ ಪ್ಲಾಸ್ಟಿಕ್ ಗೊಂಬೇನ." ಭೇಷ್! ನಿಮ್ಮ ಗೊಂಬೆಗೆ ಎಂದಾದರೂ ಕಾಮಾಲೆ ಬಂದದ್ದುಂಟೇ? ಪೂರ್ತಿ ಅಂಕ ಪಡೆದ ಇನ್ನೆಷ್ಟು ಹುಡುಗಿಯರು ಆ ತೊಟ್ಟಿಲುಗಳ ನಡುವೆ ನಗುನಗುತ್ತಾ ಓಡಾಡುತ್ತಿದ್ದಾರೆ?

ನಿನ್ನೆ ನಾನೇ ನಿಮ್ಮಲ್ಲಿಗೆ ಬಂದಿದ್ದೆ. ಕಿಟಕಿ ಪಕ್ಕದ ಕೊನೆಯ ತೊಟ್ಟಿಲಲ್ಲಿ ಒಂದು ಗಂಡು ಕೂಸು ಮಲಗಿತ್ತು. ಅದರ ಅಜ್ಜಿ, "ನಮ್ಮ ಪುಟ್ಟ ಬಲು ಸಾಧು ಕಣ್ರೀ, ಹಾಲಿಗೂ ಏಳಲ್ಲ" ಅಂತ ಹೆಮ್ಮೆಯಿಂದ ಹೇಳಿದರು. ನಾನು ಕಿಟಕಿಯತ್ತ ನುಗ್ಗಿದೆ. ಪರದೆಗೆ ಕೈ ಹಾಕಿದ್ದೇ ತಡ, ಕಾವಲುಗಾರ ರಟ್ಟೆ ಹಿಡಿದು ಹೊರಗೆಳೆದ. "ಬೆಳಕಿಗೆ ತಂದು ನೋಡಿ ತಾಯೀ!" ಅಂತ ಕೂಗಿಕೊಂಡೆ. ಆಕೆ ಹುಚ್ಚಿಯನ್ನು ಕಂಡವರಂತೆ ಕೂಸಿಗೆ ಇನ್ನಷ್ಟು ಹೊದಿಸಿದರು. ನಿಮ್ಮ ಕೋಣೆಗೆ ಬಂದರೆ ತಾವು ಮೀಟಿಂಗಿನಲ್ಲಿದ್ದಿರಿ. ಹಾಗಾಗಿ ಪತ್ರಿಕೆಗೆ ಬರೆಯುತ್ತಿದ್ದೇನೆ.

ಜೀವವಿರುವ ಕೂಸನ್ನು ಬೆಳಕಿನಲ್ಲಿ ಒತ್ತಿ ನೋಡಿ, ಕಂಡದ್ದನ್ನು ಬಾಯಿಬಿಟ್ಟು ಹೇಳದ ಯಾರಿಗೂ ಪ್ರಮಾಣಪತ್ರ ಕೊಡಬೇಡಿ. ಅದು ನಾಳೆಯ ಮಾತು. ಈಗ ಈ ಪತ್ರಿಕೆ ಮಡಿಚಿಟ್ಟು, ಎದ್ದು ವಾರ್ಡಿಗೆ ಹೋಗಿ. ಕಿಟಕಿ ಪಕ್ಕದ ಕೊನೆಯ ತೊಟ್ಟಿಲು. ಆ ಕೂಸು ಇನ್ನೂ ಮಲಗಿಯೇ ಇದ್ದರೆ, ದಯವಿಟ್ಟು ಪರದೆ ಸರಿಸಿ.

ಇಂತಿ,
ಮೊಮ್ಮಗಳ ಬೆನ್ನ ಹಿಂದೆ ನಿಂತು ದಿನವೂ ಚಪ್ಪಾಳೆ ತಟ್ಟಿ, ಅವಳು ತಿರುಗಿಯಾಳೆಂದು ಕಾಯುವ
ಒಬ್ಬ ಅಜ್ಜಿ