ರೊಟ್ಟಿಯ ಮಾತಷ್ಟೇ ಉಳಿಸಿದೆವು

ಬಸರಿಗಡ್ಡಿ, ನೀರಿಳಿದ ವರ್ಷ ೧೪೭, ಯಾವ ತಿಂಗಳಿಗೂ ಸೇರದ ದಿನ

ಕಾಶವ್ವಜ್ಜಿಗೆ ಶರಣು.

ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ. ನಿಮ್ಮೂರಿಗೆ ಹೊಳೆ ನುಗ್ಗಿದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ವರ್ಷಕ್ಕೊಂದು ದಿನವನ್ನು ತಿಂಗಳುಗಳಿಂದ ಹೊರಗಿಟ್ಟು, ಹಿರಿಯರ ಮಾತು ಕೇಳಲೆಂದೇ ಮೀಸಲಿಟ್ಟಿದ್ದೇವೆ. ಅದಕ್ಕೆ ಆಲಿಕೆ ಎನ್ನುತ್ತೇವೆ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಹಳೆಯ ದನಿಗಳನ್ನು ಕೇಳಿ ಕಲಿತದ್ದು, ಅದರಲ್ಲೂ ನಿಮ್ಮ ದನಿಯನ್ನು.

ನಾನು ನೀಲಾಂಬಿಕೆ, ಊರ ಚರಿತ್ರೆ ಸಂಘದ ಈಗಿನ ಕಾರ್ಯದರ್ಶಿ. ಸಂಘ ಕಟ್ಟಿದ ಗುರುಪಾದಪ್ಪ ಮೇಷ್ಟ್ರ ವಂಶದವಳು. ನಿಮ್ಮ ಕಾಲದ ಬರುವ ಸೋಮವಾರ ಆ ಮೇಷ್ಟ್ರು ನಿಮ್ಮ ಮನೆಗೆ ಬಂದು, ಮೊಬೈಲು ಮುಂದಿಟ್ಟು, ಹೊಳೆ ಬಂದ ದಿನದ್ದೆಲ್ಲ ಹೇಳಿ ಎನ್ನುತ್ತಾರೆ. ನೀವು ನಲವತ್ತು ನಿಮಿಷ ಹೇಳುತ್ತೀರಿ.

ಇಂದು ಬೆಳಗ್ಗೆ ಆಲಿಕೆ ನಡೆಯಿತು. ಚಪ್ಪರದಡಿ ಊರಿಗೆ ಊರೇ ಸೇರಿತ್ತು. ಮಕ್ಕಳೆಲ್ಲ ಕೈ ತೊಳೆದು ಬಂದು ಮುಂದೆ ಕೂತಿದ್ದರು, ಏಕೆಂದರೆ ನಿಮ್ಮ ಮಾತು ಮುಗಿದ ಮೇಲೆ ರೊಟ್ಟಿ ಹಂಚುತ್ತಾರೆ. ಜೋಳ ಈಗ ನೆಲದಲ್ಲಿ ಬೆಳೆಯುವುದಿಲ್ಲ. ಗೂಡುಹೊಲದಲ್ಲಿ, ಅಂದರೆ ಮಾಳಿಗೆಯ ಮೇಲೆ ಗಾಜಿನೊಳಗಿನ ಹೊಲದಲ್ಲಿ, ಬೆಳೆಯುತ್ತದೆ. ಆದರೂ ರೊಟ್ಟಿ ತಟ್ಟುವುದು ನೀವು ಹೇಳಿದಂತೆಯೇ. "ನೀರು ಕುದೀಬೇಕವ್ವಾ, ಅವಸರ ಮಾಡಿದ್ರ ರೊಟ್ಟಿ ಹರೀತೈತಿ" ಎಂದು ನಿಮ್ಮ ದನಿ ಬಂದೊಡನೆ ಎಲ್ಲರೂ ನಗುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ. ನಿಮ್ಮನ್ನು ರೊಟ್ಟಿ ಅಜ್ಜಿ ಎನ್ನುತ್ತಾರೆ. ನಾಲ್ಕು ನಿಮಿಷ. ಉಳಿದಿರುವುದು ಅಷ್ಟೇ.

ನಮ್ಮಲ್ಲಿ ಒಪ್ಪಿಗೆ ಸುತ್ತು ಎಂಬ ಪದ್ಧತಿಯಿದೆ. ಯಾರದೇ ದನಿಯನ್ನು ಆಲಿಕೆಗೆ ಇಡುವ ಮುಂಚೆ, ಅದರಲ್ಲಿ ಹೆಸರು ಬಂದ ಮನೆತನಗಳಿಗೆ ಕೇಳಿಸುತ್ತೇವೆ. ಯಾರಾದರೂ ನೋವಾಯಿತೆಂದರೆ ಆ ತುಣುಕು ತೆಗೆಯುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಶುರುವಾದದ್ದು. ತಲೆಮಾರಿಗೊಂದು ಸುತ್ತು ನಡೆದು, ಇವರೊಂದು ಮಾತು ಅವರೊಂದು ಮಾತು ತೆಗೆಸಿ, ಕೊನೆಗೆ ಯಾರನ್ನೂ ನೋಯಿಸದ ರೊಟ್ಟಿಯೊಂದೇ ಉಳಿಯಿತು. ತೆಗೆದದ್ದರಿಂದ ಯಾರಿಗಾದರೂ ನೋವಾಯಿತೇ ಎಂದು ನಿಮ್ಮ ಓಣಿಯವರನ್ನು ನಾವು ಒಮ್ಮೆಯೂ ಕೇಳಲಿಲ್ಲ.

ಮೂಲ ಪ್ರತಿಯೊಂದು ಮಾತ್ರ ಕಪಾಟಿನಲ್ಲಿತ್ತು. ಕಳೆದ ವರ್ಷ ಅದು ಹಾಳಾಗತೊಡಗಿತು. ಹೊಸ ದನಿಬಿಲ್ಲೆಗೆ ಇಳಿಸುವ ಮುಂಚೆ ನಾನೊಬ್ಬಳೇ ಕೂತು ಪೂರ್ತಿ ಕೇಳಿದೆ.

ಹೊಳೆ ಬಂದ ದಿನ ಎತ್ತರದಲ್ಲಿದ್ದದ್ದು ಶಾಲೆಯೊಂದೇ. ಮೇಲಿನ ಓಣಿಯವರು ಮೊದಲೇ ಒಳಸೇರಿದ್ದರು. ನೀವು ಕೆಳಗಿನ ಓಣಿಯಿಂದ ಆರು ವರ್ಷದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಎದೆಮಟ್ಟದ ನೀರು ದಾಟಿ ಬಂದಿರಿ. "ಬಾಗಲಾ ಬಡದ ಬಡದ್ವಿ. ಒಳಗ ಜ್ವಾಳದ ಚೀಲಕ್ಕ ಜಾಗಾ ಇತ್ತು, ನಮಗ ಇರಲಿಲ್ಲ. ಚಿಲಕಾ ಹಾಕಿದವ್ರು ನೀವ ಅಲ್ರೀ ಮಾಸ್ತರ?" ಶಾಲೆಯ ಮೆಟ್ಟಿಲಿನಲ್ಲೇ ಹೊಳೆ ನಿಮ್ಮ ಮಗಳನ್ನು ಸೆಳೆದುಕೊಂಡಿತು. ಇಷ್ಟು ಹೇಳಿದ ಮೇಲೆ ಆ ಪ್ರತಿಯಲ್ಲಿ ಮೇಷ್ಟ್ರ ದನಿ: "ಹೌದವ್ವಾ. ನಾನ ಹಾಕಿದ್ನಿ." ಅವರು ಅದನ್ನು ಅಳಿಸಲಿಲ್ಲ, ಅಜ್ಜಿ. ತಮ್ಮ ತಪ್ಪನ್ನು ಇದ್ದಂತೆಯೇ ಇಟ್ಟು ಹೋದರು. ಅಳಿಸಿದವರು ನಾವು, ಅವರ ಮೊಮ್ಮಕ್ಕಳು ಮರಿಮಕ್ಕಳು.

ಸಂಘದ ಸಭೆಯಲ್ಲಿ ಅಧ್ಯಕ್ಷರಾದ ಈರಸಂಗಪ್ಪನವರು, "ನಾಕು ನಿಮಿಷ ಇಳಿಸಿದ್ರ ಸಾಕವ್ವಾ, ಹಬ್ಬದಂಥಾ ದಿನ ಮಂದೀನ ಯಾಕ ಅಳಸ್ತಿ?" ಎಂದರು. ಒಪ್ಪಿದವರು ಕೈ ಎತ್ತಬೇಕಿತ್ತು. ನಾನೂ ಎತ್ತಿದೆ. ಮನೆತನದ ಮಾನ ಉಳಿಯಿತೆಂದು ಒಳಗೊಳಗೆ ಹಗುರವಾಯಿತು, ಅದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ತಿಂಗಳೊಳಗೆ ಮೂಲ ಪ್ರತಿ ಪುಡಿಯಾಯಿತು. ಬರೆಯಲು ನಾಚಿಕೆಯಾಗುತ್ತದೆ.

ಅದಕ್ಕೇ ಬೇಡಿಕೊಳ್ಳುತ್ತೇನೆ. ಸೋಮವಾರ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿ, ಅವರು ಕೇಳಬೇಕು. ಆದರೆ ನಮ್ಮ ಸಂಘವನ್ನು ನಂಬಿ ಅಷ್ಟಕ್ಕೇ ಬಿಡಬೇಡಿ. ನಿಮ್ಮ ಓಣಿಯ ಹೆಣ್ಣುಮಕ್ಕಳಿಗೆ ಹೇಳಿ, ಅವರು ತಮ್ಮ ಮಕ್ಕಳಿಗೆ ಹೇಳಲಿ. ಶಾಲೆಯ ಮೆಟ್ಟಿಲ ಕಲ್ಲಿನ ಮೇಲೆ ಮಗಳ ಹೆಸರು ಕೆತ್ತಿಸಿ. ಯಾರ ಒಪ್ಪಿಗೆಯನ್ನೂ ಕೇಳಬೇಡಿ.

ಹುಲಿಗೆವ್ವ. ಈ ಊರಲ್ಲಿ ಆ ಹೆಸರು ಈಗ ನನಗೊಬ್ಬಳಿಗೇ ಗೊತ್ತು. ಇಂದು ಬೆಳಗ್ಗೆ ಚಪ್ಪರದಡಿ ಎದ್ದು ನಿಂತು ಹೇಳಬಹುದಿತ್ತು. ಎಲ್ಲರ ಜೊತೆ ನಾನೂ ಚಪ್ಪಾಳೆ ಹೊಡೆದೆ.

ತಲೆ ತಗ್ಗಿಸಿ,
ನೀಲಾಂಬಿಕೆ